ನೀರು ಹಾಕಿದರೆ ಗಟ್ಟಿಯಾದ ದ್ರವ

ಮೇಲೆ ತೇಲುವುದೆಲ್ಲ ಎಣ್ಣೆಯಲ್ಲ, ಕೆಳಗೆ ಕೂತದ್ದೆಲ್ಲ ಕೊಳೆಯಲ್ಲ. ಪ್ರಯೋಗಶಾಲೆಯಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಇದನ್ನು ಮೊದಲ ದಿನವೇ ತಿಳಿದುಕೊಳ್ಳಬೇಕು. ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಒಂದು ಸಲ ಮೂರು ತಿಂಗಳ ಕೆಲಸವನ್ನು ಮೋರಿಗೆ ಸುರಿದೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜಿನ ಸಾಮಾನು ತೊಳೆದವಳು. ಹೆಸರು ಕಲ್ಲವ್ವ. ಅದು ಹಾಜರಿ ಪುಸ್ತಕದಲ್ಲಿ ಮಾತ್ರ. ಎಲ್ಲರ ಬಾಯಲ್ಲಿ ನಾನು ಮಾವಶಿ, ಅಂದರೆ ಚಿಕ್ಕವ್ವ. ಕಲಿತದ್ದು ಮೂರನೆಯ ಇಯತ್ತೆ. ಉಳಿದ ಅಕ್ಷರ ಗೋಡೆಗೆ ಅಂಟಿಸಿದ ಸೂಚನೆ ನೋಡಿ ಕಲಿತೆ. ಹೀಗಾಗಿ ‘ಎಚ್ಚರಿಕೆ’, ‘ವಿಷ’, ‘ಮುಟ್ಟಬಾರದು’ ಇವನ್ನು ತಪ್ಪಿಲ್ಲದೆ ಬರೆಯುತ್ತೇನೆ. ಬೇರೆ ಶಬ್ದಗಳ ಒತ್ತಕ್ಷರವನ್ನು ಸುಜಾತಾ ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ. ಸುಜಾತಾ ಯಾರು ಎಂಬುದು ಮುಂದೆ ಬರುತ್ತದೆ.

ಮೋರಿಯ ವಿಷಯ. ಮಗದುಮ್ಮ ಸರ್ ಆಗ ಹೊಸದಾಗಿ ಬಂದಿದ್ದರು. ಅವರದು ಬೇಡಕಿಹಾಳದ ಕಡೆಯ ಜೈನ ಒಕ್ಕಲುತನದ ಮನೆತನ. ಸ್ವಭಾವ ಒಳ್ಳೆಯದು, ಆದರೆ ಅರ್ಧ ಮಾತು ಆಡಿ ಅರ್ಧ ನುಂಗುವ ಚಟ. ಕೆಳಗೆ ನಲ್ಲಿಯಿರುವ ಗಾಜಿನ ಬುರುಡೆಯಲ್ಲಿ ಏನೋ ಕುಲುಕಿ, ಸ್ಟ್ಯಾಂಡಿಗೆ ಸಿಕ್ಕಿಸಿ, “ಮಾವಶಿ, ನೀರ ಬಿಟ್ಟು ಉಳಿದದ್ದು ಬಾಟ್ಲಿಗೆ ಹಾಕಿಡ್ರಿ” ಎಂದು ಹೇಳಿ ಪಾಠಕ್ಕೆ ಹೋದರು. ಒಳಗೆ ಎರಡು ಪದರ ನಿಂತಿತ್ತು. ಎಣ್ಣೆ ಮೇಲೆ, ನೀರು ಕೆಳಗೆ, ಅಷ್ಟು ನನಗೂ ಗೊತ್ತು. ಕೆಳಗಿನದನ್ನು ಮೋರಿಗೆ ಬಿಟ್ಟೆ. ಮೇಲಿನದನ್ನು ಬಾಟಲಿಗೆ ಹಾಕಿ, ಬೂಚು ಬಿಗಿದು, ಕಪಾಟಿನಲ್ಲಿಟ್ಟೆ. ಮರುದಿನ ಸರ್ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು.

“ಮಾವಶಿ, ಇದೇನ್ರಿ?”

“ನಿಮ್ಮ ಎಣ್ಣಿರಿ.”

“ಇದು ನೀರು.”

“ಮತ್ತ ಕೆಳಗಿಂದು?”

“ಅದ ಬೇಕಾಗಿತ್ತು. ಎಲ್ಲೈತಿ?”

ನಾನು ಮೋರಿಯ ಕಡೆ ನೋಡಿದೆ. ಅವರೂ ನೋಡಿದರು. ಮಣ್ಣಿಗೆ ಹೋಗಿ ಬಂದವರಂತೆ ಇಬ್ಬರೂ ನಿಂತಿದ್ದೆವು. ಆಮೇಲೆ ನಾನೇ ಕೇಳಿದೆ: “ಎಣ್ಣಿ ಮ್ಯಾಲ ತೇಲೂದಿಲ್ಲೇನ್ರಿ?”

“ಅದು ಎಣ್ಣಿ ಅಲ್ರಿ ಮಾವಶಿ. ಉಪ್ಪು.”

ಸಿಟ್ಟಿನಲ್ಲಿ ಸರ್ ತಲೆ ಕೆಟ್ಟಿದೆ ಅಂದುಕೊಂಡೆ. ಆದರೆ ನಿಜ. ಅದರ ಹೆಸರು ಅಯಾನಿಕ ದ್ರವ. ಅಡಿಗೆಯ ಉಪ್ಪಿನಲ್ಲಿ ಎರಡು ಜಾತಿಯ ಕಣಗಳಿರುತ್ತವೆ, ಪ್ಲಸ್ ಮತ್ತು ಮೈನಸ್. ಎರಡೂ ಸಣ್ಣವು, ದುಂಡಗಿನವು. ಇಟ್ಟಂಗಿ ಪೇರಿಸಿದ ಹಾಗೆ ಸಾಲಾಗಿ ಕೂರುತ್ತವೆ, ಅದಕ್ಕೇ ಉಪ್ಪು ಗಟ್ಟಿ. ಸರ್ ಮಾಡುತ್ತಿದ್ದ ಉಪ್ಪಿನಲ್ಲಿ ಪ್ಲಸ್ ಕಣ ದೊಡ್ಡದು, ಡೊಂಕು, ಮೇಲೆ ಒಂದು ಬಾಲ ಬೇರೆ. ರಾಯಬಾಗದ ಸಂತೆ ಬಸ್ಸಿನಲ್ಲಿ ಎಲ್ಲರ ಕಂಕುಳಲ್ಲೂ ಗಂಟಿದ್ದರೆ ಯಾರೂ ನೆಟ್ಟಗೆ ಕೂರುವುದಿಲ್ಲವಲ್ಲ, ಹಾಗೆ. ಸಾಲು ಕೂಡುವುದಿಲ್ಲ, ಆದ್ದರಿಂದ ಗಟ್ಟಿಯಾಗುವುದಿಲ್ಲ. ಬೆಂಕಿ ಹಚ್ಚದೆಯೇ ಕರಗಿದ ಉಪ್ಪಾಗಿ ಜೇನುತುಪ್ಪದ ಹಾಗೆ ಮಂದವಾಗಿ ನಿಂತಿರುತ್ತದೆ. ವಾಸನೆಯಿಲ್ಲ, ಆವಿಯಾಗಿ ಹಾರುವುದೂ ಇಲ್ಲವೆನ್ನಬಹುದು. ಈ ಕೊನೆಯ ಮಾತು ನೆನಪಿರಲಿ, ಮುಂದೆ ನನ್ನ ಮಾನ ಉಳಿಸಿದ್ದು ಅದೇ.

ಇದರಲ್ಲಿ ಎರಡು ಪಂಗಡ. ಒಂದಕ್ಕೆ ನೀರೆಂದರೆ ಆಗದು, ನೀರು ಹಾಕಿದರೆ ತಾನು ಭಾರವಾಗಿ ಕೆಳಗೆ ಕೂರುತ್ತದೆ. ನಾನು ಮೋರಿಗೆ ಬಿಟ್ಟದ್ದು ಅದು. ಇನ್ನೊಂದು ಪಂಗಡ ನೀರು ಕಂಡರೆ ಸಾಕು, ಬೀಗರು ಸಿಕ್ಕ ಹಾಗೆ ಅಪ್ಪಿಕೊಳ್ಳುತ್ತದೆ. ತೊಳೆಯುವವರಿಗೆ ಹೇಳುತ್ತೇನೆ: ಯಾವ ಪಂಗಡ ಎಂದು ಕೇಳದೆ ನಲ್ಲಿ ತಿರುಗಿಸಬೇಡಿ. ನೀರು ತಾಗಿಸಿ ಕಾಸಿದರೆ ಗಾಜನ್ನೇ ತಿಂದು ಮಂಜಾಗಿಸುವ ಜಾತಿಯೂ ಇದೆ. ಗಾಜು ಮಂಜಾದರೆ ಬೂದಿ ಹಾಕಿ ತಿಕ್ಕುವ ಶಾಣ್ಯಾತನ, ಅತಿ ಜಾಣತನ, ಬೇಡ. ಮುಟ್ಟದೆ ಸರ್‌ರನ್ನು ಕರೆಯಿರಿ.

ಆಗಿನ ಕೆಲಸಕ್ಕೂ ಈಗಿನದಕ್ಕೂ ಬಹಳ ಫರಕು. ಮೊದಲು ಗಾಜು ತೊಳೆಯಲು ಕೆಂಪನೆಯ ಒಂದು ಆಮ್ಲ ಕೊಡುತ್ತಿದ್ದರು. ಕೊಳೆಯನ್ನು ತಿನ್ನುತ್ತಿತ್ತು, ಕೊಳೆ ಸಿಗದಿದ್ದರೆ ನನ್ನನ್ನು ತಿನ್ನುತ್ತಿತ್ತು. ಎರಡು ಸೀರೆ ಜಾಳಿಗೆಯಾದವು. ಆಮೇಲೆ ಸಾಬೂನಿನ ನೀರು ಬಂತು, ಕೈಗವಸು ಬಂತು. ಕೈಗವಸು ಹಾಕಿಕೊಂಡರೆ ಬೀಕರ್ ಜಾರಿ ಒಡೆಯುತ್ತದೆ, ಹಾಕಿಕೊಳ್ಳದಿದ್ದರೆ ಬೈಗುಳ. ನಮ್ಮ ವಿಭಾಗದ ಮುಖ್ಯಸ್ಥರು ಬೈಯುವುದರಲ್ಲಿ ಹುಷಾರು. ಬೀಕರ್ ತಲೆಕೆಳಗಾಗಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ಹೆಣ್ಣು ನೋಡಲು ಬಂದವರ ಹಾಗೆ. ಏನೂ ಸಿಗದಿದ್ದರೆ, “ಒದ್ದಿ ಐತಿ” ಎನ್ನುತ್ತಿದ್ದರು. ತೊಳೆದ ಬೀಕರ್ ಒದ್ದೆಯಿರದೆ ಮತ್ತೇನಿರುತ್ತದೆ?

ಆದರೆ ಮಗದುಮ್ಮ ಸರ್ ಕೆಲಸದಲ್ಲಿ ಒದ್ದೆ ಎನ್ನುವುದು ನಿಜವಾಗಿಯೂ ದೊಡ್ಡ ಮಾತು. ನೀರು ಬೇಕೆನ್ನುವ ಪಂಗಡದ ದ್ರವ, ಬಾಯಿ ತೆರೆದಿಟ್ಟರೆ ಗಾಳಿಯಲ್ಲಿನ ತೇವವನ್ನೇ ಕುಡಿಯುತ್ತದೆ. ಇದನ್ನು ಸರ್ ಹೇಳಿದಾಗ ಹುಡುಗರೆಲ್ಲ ಬಾಯಿ ಬಿಟ್ಟರು. ನಾನು ಬಿಡಲಿಲ್ಲ. ಮದುವೆಗೆ ಮೊದಲು ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ದುಡಿದವಳು ನಾನು. ಬಿಸಿಲೇರಿದ ಮೇಲೆ ತಂಬಾಕಿನ ಎಲೆ ಮುಟ್ಟಿದರೆ ಪುಡಿ. ಅದೇ ಎಲೆ ಬೆಳಗಿನ ಗಾಳಿ ಕುಡಿದಿದ್ದರೆ ಬಟ್ಟೆಯ ಹಾಗೆ ಮಡಚುತ್ತದೆ. ಮುಕಾದಮ ನಮ್ಮನ್ನು ಹೊತ್ತು ಮೂಡುವ ಮೊದಲೇ ಕರೆಸುತ್ತಿದ್ದುದು ಪ್ರೀತಿಯಿಂದಲ್ಲ.

ಸರ್ ಮನೆಯವರು ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ, ಸರ್ ನೀರನ್ನೂ ಕುಡಿಯುವುದಿಲ್ಲ. ಒಂದು ದಿನ ಕೇಳಿದೆ: “ಸರ್ರ, ನಿಮ್ಮ ಹಂತ್ಯಾಕ ಇಷ್ಟು ವರ್ಷ ಐತಿ, ಈ ದ್ರವಕ್ಕರ ಸ್ವಲ್ಪ ನೇಮ ಕಲಸಬಾರದೇನ್ರಿ? ಹಗಲಿಲ್ಲ ರಾತ್ರಿಲ್ಲ, ಕುಡದ ಕುಡೀತೈತಿ.”

“ನೀವ ಕಲಸ್ರಿ ಮಾವಶಿ, ನನ್ನ ಮಾತ ಕೇಳವಲ್ಲದು” ಎಂದು ನಕ್ಕರು.

ಕುಡಿಯದಂತೆ ಕಾಯುವುದಕ್ಕೆ ಒಂದು ಪಾತ್ರೆಯಿತ್ತು. ದಪ್ಪ ಗಾಜು, ಅಂಚಿಗೆ ಜಿಡ್ಡು ಸವರಿದ ಮುಚ್ಚಳ, ತಳದಲ್ಲಿ ನೀಲಿ ಹರಳು, ಅದರ ಮೇಲೆ ಸಾಮಾನು ಇಡುವ ಜಾಳಿಗೆ. ಒಳಗಿನ ತೇವವನ್ನು ಹರಳು ಹೀರಿಕೊಂಡು, ಹೊಟ್ಟೆ ತುಂಬಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಅದನ್ನು ಓವನ್ನಿನಲ್ಲಿ ಹುರಿದು ಮತ್ತೆ ನೀಲಿ ಮಾಡಬೇಕು. ಅದು ನನ್ನ ಕೆಲಸ. ಡೆಸಿಕೇಟರ್ ಎಂದು ಅವರು ಕರೆಯುತ್ತಿದ್ದರು, ನಾನು ನೀಲಿ ಪಾತ್ರೆ ಎನ್ನುತ್ತಿದ್ದೆ.

ಇನ್ನು ನನ್ನ ತಪ್ಪು ಹೇಳುತ್ತೇನೆ. ನಮ್ಮ ವಿಭಾಗದ ಚಹಾ ಬೆಲ್ಲದ್ದು. ಸುತ್ತ ಕಬ್ಬು, ಯಾರಾದರೊಬ್ಬರ ಗಾಣದಿಂದ ಬೆಲ್ಲ ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರುತ್ತದೆ. ಡಬ್ಬಿಯಲ್ಲಿಟ್ಟರೆ ಕರಗಿ ರಾಡಿ, ಹೊರಗಿಟ್ಟರೆ ಇರುವೆ. ಇಡೀ ಕಟ್ಟಡದಲ್ಲಿ ಇರುವೆ ಹೋಗದ, ತೇವ ನಿಲ್ಲದ ಜಾಗ ಒಂದೇ. ಸರ್ ದ್ರವವನ್ನು ಅಷ್ಟು ಚೆನ್ನಾಗಿ ಕಾಯುವ ಪಾತ್ರೆ ನಾಲ್ಕು ಉಂಡೆ ಬೆಲ್ಲ ಕಾಯಲಾರದೇ? ತಳದ ಜಾಳಿಗೆಯ ಕೆಳಗೆ, ಹರಳಿನ ಪಕ್ಕದಲ್ಲಿ, ಬಟ್ಟೆಯಲ್ಲಿ ಕಟ್ಟಿ ಇಟ್ಟೆ. ಯಾರಿಗೂ ಕಾಣಲಿಲ್ಲ. ಬೆಲ್ಲ ಕಲ್ಲಿನ ಹಾಗೆ ಒಣಗಿತು. ಒಣಗಿದ್ದನ್ನು ಚಹಾಕ್ಕೆ ತೆಗೆದು, ಶನಿವಾರಕ್ಕೊಮ್ಮೆ ಬೆವರಿದ ಹೊಸದನ್ನು ಇಡುತ್ತಿದ್ದೆ. ಹರಳು ಮಾತ್ರ ಬೇಗ ಬೇಗ ಗುಲಾಬಿಯಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬರುವವಳು ನಾನು. ಬಂದ ಕೂಡಲೇ ಹುರಿದು, ನೀಲಿ ಮಾಡಿ, ಆರಿಸಿ ಇಟ್ಟುಬಿಡುತ್ತಿದ್ದೆ. ಹೀಗೆ ಎಷ್ಟೋ ಮಳೆಗಾಲ ನಡೆಯಿತು. ಬೆಲ್ಲ ಹಾಳಾಗಲಿಲ್ಲ, ಚಹಾಕ್ಕೆ ಹೆಸರು ಬಂತು.

ಆಮೇಲೆ ಸುಜಾತಾ ಬಂದಳು. ರಾಯಬಾಗದ ಕಡೆಯ ಹುಡುಗಿ, ದಿನಾ ಬಸ್ಸಿಗೆ ಬಂದು ಹೋಗುವವಳು. ಮಗದುಮ್ಮ ಸರ್ ಕೈಕೆಳಗೆ ಪಿಎಚ್‌ಡಿ. ಅಯಾನಿಕ ದ್ರವಕ್ಕೆ ನೀರು ಸೇರಿಸುತ್ತ ಹೋದರೆ ಒಳಗೆ ಏನಾಗುತ್ತದೆ ಎಂದು ನೋಡುವುದು ಅವಳ ವಿಷಯ. ಒಳಗೆ ಆಗುವುದನ್ನು ಸರ್ ಹಲಗೆಯ ಮೇಲೆ ಬಿಡಿಸಿ ಹೇಳುತ್ತಿದ್ದರು. ಒರೆಸುವವಳು ನಾನೇ ಆದ್ದರಿಂದ ನಾನೂ ಕೇಳುತ್ತಿದ್ದೆ. ನನಗೆ ತಿಳಿದದ್ದು ಇಷ್ಟು. ನೀರಿನ ಕಣ ಒಂದೆರಡು ಬಂದರೆ ಅವು ಹೊಸ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಹಾಗೆ. ಮೈನಸ್ ಕಣಗಳು ಅವರನ್ನು ನಡುವೆ ಹಿಡಿದು ಕೂರಿಸಿಕೊಳ್ಳುತ್ತವೆ. ಒಬ್ಬಳಿಗೆ ಇನ್ನೊಬ್ಬಳು ಸಿಗುವುದಿಲ್ಲ, ಮಾತಿಲ್ಲ. ಇನ್ನಷ್ಟು ಬಂದರೆ ಇಬ್ಬರು ಮೂವರು ಮೂಲೆಯಲ್ಲಿ ಸೇರಿ ಗುಸುಗುಸು. ಇನ್ನೂ ಬಂದರೆ ಮನೆಯುದ್ದಕ್ಕೂ ಕೈ ಕೈ ಹಿಡಿದು ಸಾಲು. ಕೊನೆಗೆ ಮನೆ ಅವರದೇ. ಹಳೆಯ ಯಜಮಾನರು ಅಲ್ಲೊಬ್ಬರು ಇಲ್ಲೊಬ್ಬರು. ಬಾಲ ಉದ್ದವಿದ್ದವರು ಬಾಲವನ್ನು ಒಳಗೆ ಮಾಡಿಕೊಂಡು ಗುಂಪಾಗಿ ಕೂತಿರುತ್ತಾರೆ.

ಇದನ್ನು ಕಣ್ಣಿಂದ ನೋಡಲಾಗುವುದಿಲ್ಲ. ಹರಿಯುವುದನ್ನು ನೋಡಿ ತಿಳಿಯಬೇಕು. ಬಾಗಿದ ಸಣ್ಣ ಗಾಜಿನ ನಳಿಕೆಯಲ್ಲಿ ದ್ರವ ಬಿಟ್ಟು, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಇಳಿಯಲು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡುವುದು. ಮಂದವಿದ್ದರೆ ಹೊತ್ತು ಹೆಚ್ಚು, ತೆಳ್ಳಗಿದ್ದರೆ ಕಡಿಮೆ. ನಳಿಕೆ ಬಿಸಿನೀರಿನ ತೊಟ್ಟಿಯಲ್ಲಿ ನಿಂತಿರುತ್ತದೆ, ಮಳೆಯಿರಲಿ ಬಿಸಿಲಿರಲಿ ತೊಟ್ಟಿಯ ಬಿಸಿ ಒಂದೇ.

ಸುಜಾತಾಳದು ಕಟ್ಟುನಿಟ್ಟು. ವಾರಕ್ಕೆ ಆರು ಬಾಟಲಿ. ಸೋಮವಾರ ಒಂದನೆಯದು, ಎಲ್ಲಕ್ಕಿಂತ ಕಡಿಮೆ ನೀರು. ಮಂಗಳವಾರ ಎರಡನೆಯದು, ಸ್ವಲ್ಪ ಹೆಚ್ಚು. ಹೀಗೆ ಶನಿವಾರದವರೆಗೆ. ಮುಂದಿನ ವಾರ ಮತ್ತೆ ಮೊದಲಿಂದ. ಪ್ರತಿ ಸಂಜೆ ದ್ರವವನ್ನು ಗಾಳಿ ತೆಗೆದ ಓವನ್ನಿನಲ್ಲಿ ಒಣಗಲು ಇಟ್ಟು ಹೋಗಿ, ಬೆಳಿಗ್ಗೆ ಬಿಸಿಬಿಸಿಯಾಗಿ ತೆಗೆಯುತ್ತಿದ್ದಳು. ಭಾನುವಾರ ಮಾತ್ರ ಮುಖ್ಯಸ್ಥರ ಹುಕುಂ ಪ್ರಕಾರ ಕರೆಂಟ್ ಬಂದ್. ಆದ್ದರಿಂದ ಶನಿವಾರ ಒಣಗಿದ ದ್ರವ ಸೋಮವಾರದವರೆಗೆ ನೀಲಿ ಪಾತ್ರೆಯಲ್ಲಿ ಇರುತ್ತಿತ್ತು. ನನ್ನ ಬೆಲ್ಲದ ಜೊತೆಗೆ.

ಅವಳು ಗಡಿಯಾರ ನೋಡುವಾಗ ನಾನು ಪಕ್ಕದ ತೊಟ್ಟಿಯಲ್ಲಿ ಬೀಕರ್ ತೊಳೆಯುತ್ತಿದ್ದೆ. ನನಗೆ ಸೆಕೆಂಡು ತಿಳಿಯುವುದಿಲ್ಲ, ಬೀಕರ್ ತಿಳಿಯುತ್ತದೆ. ಮಂಗಳವಾರದ್ದು ಇಳಿಯುವಷ್ಟರಲ್ಲಿ ಆರು ಬೀಕರ್, ಬುಧವಾರ ಐದು, ಗುರುವಾರ ನಾಲ್ಕು, ಹೀಗೆ ಇಳಿಯುತ್ತ ಹೋಗುತ್ತಿತ್ತು. ಆದರೆ ಸೋಮವಾರದ್ದೂ ನಾಲ್ಕೇ. ಎಲ್ಲಕ್ಕಿಂತ ಕಡಿಮೆ ನೀರಿರುವುದು ಎಲ್ಲಕ್ಕಿಂತ ಮಂದವಿರಬೇಕಲ್ಲ? ಅದು ತೆಳ್ಳಗೆ. ಅದಕ್ಕಿಂತ ಹೆಚ್ಚು ನೀರು ಹಾಕಿದ ಮಂಗಳವಾರದ್ದು ಗಟ್ಟಿ. ಐದು ವಾರ ಹೀಗೇ ಬಂತು.

ಮಗದುಮ್ಮ ಸರ್ ಕುಣಿಯುವುದೊಂದು ಬಾಕಿ. ಹಲಗೆಯ ಮೇಲೆ ಪ್ಲಸ್ಸು, ಮೈನಸ್ಸು, ನಡುವೆ ನೀರಿನ ಕಣ ಬರೆದು, ಕಮಾನು ಎಳೆದರು. “ಸುಜಾತಾ, ನೀರು ಸೇತುವಿ ಕಟ್ಟಾಕತ್ತೈತಿ. ಸ್ವಲ್ಪ ನೀರ ಬಂದ ಕೂಡಲೆ ಎಲ್ಲಾ ಬಿಗಿಯಾಗಾಕತ್ತಾವು!”

ನಾನು ತಡೆಯದೆ ಅಂದೆ: “ಸರ್ರ, ಸಾರಿಗೆ ನೀರ ಹಾಕಿದ್ರ ತೆಳ್ಳಗಾಗ್ತೈತಿ. ನಿಮ್ಮದೊಂದು ಹೆಂಗ ಗಟ್ಟಿ ಆಗ್ತೈತ್ರಿ?”

“ಒಣ ಹಿಟ್ಟಿಗೆ ಸ್ವಲ್ಪ ನೀರ ಹಾಕಿದ್ರ ಏನಾಗ್ತೈತ್ರಿ ಮಾವಶಿ? ಗಟ್ಟಿ ಉಂಡಿ ಆಗೂದಿಲ್ಲೇನು?”

ಕಲಿತವರ ಕೈಯಲ್ಲಿ ಉಪಮೆ ಸಿಕ್ಕರೆ ಹೀಗೆ. ತಪ್ಪೂ ಖರೆ ಕಾಣುತ್ತದೆ.

ದ್ರವದಲ್ಲಿ ಮೊದಲೇ ನೀರಿತ್ತೇ ಎಂದು ಅವರು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದರು. ನೀರನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಕೊಲ್ಲಾಪುರಕ್ಕೆ ಮಾದರಿ ಕಳಿಸಿದ್ದರು, ಪೂರಾ ಒಣ ಎಂದು ಬಂತು. ಆದರೆ ಕೊಲ್ಲಾಪುರಕ್ಕೆ ಹೋಗುವವರು ಸಿಕ್ಕದ್ದು ಗುರುವಾರ, ಹೋದದ್ದು ಓವನ್ನಿನಿಂದ ತೆಗೆದ ಗುರುವಾರದ ದ್ರವ.

ಲೇಖನ ಬರೆದು ಪತ್ರಿಕೆಗೆ ಕಳಿಸಿದರು. ಯಾರೋ ಪರೀಕ್ಷೆ ಮಾಡುವವರು, ಇದು ನಂಬಲಾಗದ ಮಾತು, ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಅಷ್ಟರಲ್ಲಿ ಬೇಸಿಗೆ ಬಂದಿತ್ತು. ಬೇಸಿಗೆಯಲ್ಲಿ ಬೆಲ್ಲ ಬೆವರುವುದಿಲ್ಲ, ಅದು ಗೋಡೆಯ ಮೇಲಿನ ಡಬ್ಬಿಯಲ್ಲಿತ್ತು. ಸುಜಾತಾ ಮತ್ತೆ ಆರು ಬಾಟಲಿ ಮಾಡಿದಳು. ಸೋಮವಾರ ಎಂಟು ಬೀಕರ್. ಮಂಗಳವಾರ ಆರು. ಸೇತುವೆ ಬಿತ್ತು.

ಮೂರು ವಾರ ಮಾಡಿದಳು, ಮೂರು ವಾರವೂ ಸೇತುವೆ ಎದ್ದೇಳಲಿಲ್ಲ. ಮುಖ್ಯಸ್ಥರು ಅವಳನ್ನು ಕರೆದು, ಬಾಗಿಲು ತೆರೆದೇ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: “ಆವಾಗಿನ ಅಂಕಿ ಎಲ್ಲಿಂದ ತಂದಿ? ನಳಿಕ್ಯಾಗಿಂದೋ, ತಲ್ಯಾಗಿಂದೋ?”

“ನಳಿಕ್ಯಾಗಿಂದ್ರಿ ಸರ್.”

“ಮತ್ತ ಈಗ ಯಾಕ ಬರವಲ್ಲವು?”

ಅವಳು ತಲೆ ತಗ್ಗಿಸಿ ಅಂಕಿ ಬರೆದ ವಹಿಯ ಪುಟ ತಿರುವಿದಳು. ಮಗದುಮ್ಮ ಸರ್ ಕೂಡ ತಲೆ ತಗ್ಗಿಸಿ ನಿಂತರು. ಬರುವ ಶುಕ್ರವಾರ ಮುಖ್ಯಸ್ಥರು, ಮಗದುಮ್ಮ ಸರ್, ಇನ್ನೊಬ್ಬ ಪ್ರಾಧ್ಯಾಪಕರು, ಹೀಗೆ ಮೂವರು ಕೂತು ವಿಚಾರಣೆ ಮಾಡುತ್ತಾರೆ, ಸುಳ್ಳು ಅಂಕಿ ಎಂದು ತೀರ್ಮಾನವಾದರೆ ಅವಳ ಪಿಎಚ್‌ಡಿ ಅಲ್ಲಿಗೇ ಮುಗಿಯಿತು ಎಂದು ಗೊತ್ತಾಯಿತು. ಪಿಎಚ್‌ಡಿ ಹೋದರೆ ಹೋಗಲಿ, ಕಬ್ಬು ಕಡಿದಾದರೂ ಉಣ್ಣಬಹುದು. ಆದರೆ ಸುಳ್ಳಿ ಎಂಬ ಹೆಸರು ಹಚ್ಚಿಕೊಂಡು ಬಸ್ಸು ಹತ್ತುವುದು ಬೇರೆ ಮಾತು.

ಹುಡುಗಿ ತೊಟ್ಟಿಯ ಪಕ್ಕ ಕೂತು ಅಳುತ್ತಿದ್ದಳು.

“ಮೂಗ ಒರಸ್ಕೊ ಬೇ, ತೊಳದ ಬೀಕರಿನ್ಯಾಗ ಬೀಳತೈತಿ,” ಅಂದೆ. “ತಾ ಇಲ್ಲಿ ಆ ವಹಿ.”

ವಹಿ ಇಂಗ್ಲಿಷಿನಲ್ಲಿತ್ತು, ಆದರೆ ಪ್ರತಿ ಪುಟದ ಮೂಲೆಯಲ್ಲಿ ವಾರವನ್ನು ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು. ಸೋ, ಮಂ, ಬು. ಅಷ್ಟು ನನಗೆ ಓದಲು ಬರುತ್ತದೆ.

“ಯಾವ ಅಂಕಿ ಕೆಟ್ಟೈತಿ, ಬೆರಳ ಇಟ್ಟ ತೋರಸ.”

ತೋರಿಸಿದಳು. ಸೋ. ಪುಟ ತಿರುವಿದಳು. ಸೋ. ಇನ್ನೊಂದು. ಸೋ.

ಸೋಮವಾರ ಬೆಳಿಗ್ಗೆ ನಾನು ಏನು ಮಾಡುತ್ತಿದ್ದೆ ಎಂಬುದು ಆಗ ನೆನಪಿಗೆ ಬಂತು. ಎರಡು ದಿನದಲ್ಲಿ ಬೆಲ್ಲದ ತೇವ ಕುಡಿದು ಕುಡಿದು ಹರಳು ಪೂರಾ ಗುಲಾಬಿಯಾಗಿರುತ್ತಿತ್ತು. ಹರಳಿನ ಹೊಟ್ಟೆ ತುಂಬಿದ ಮೇಲೆ ಉಳಿದ ತೇವ ಎಲ್ಲಿಗೆ ಹೋಗಬೇಕು? ಪಕ್ಕದಲ್ಲಿ ಬಾಯಾರಿದ ದ್ರವ ಕೂತಿತ್ತು. ನಾನು ಹರಳನ್ನು ಮಾತ್ರ ಹುರಿದು ನೀಲಿ ಮಾಡಿದೆ. ದ್ರವ ಕುಡಿದದ್ದು ಅದರ ಹೊಟ್ಟೆಯಲ್ಲೇ ಉಳಿಯಿತು.

ಕೂಡಲೇ ಹೇಳಿದೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿವೃತ್ತಿಗೆ ಏಳು ವಾರ ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷ ಒಂದೂ ಮೆಮೊ ತಿಂದಿರಲಿಲ್ಲ. ಈ ವಯಸ್ಸಿನಲ್ಲಿ ಬೆಲ್ಲದ ಸಲುವಾಗಿ ತಿನ್ನಬೇಕೇ ಎನಿಸಿತು. ಮೂರನೆಯ ದಿನ ಶುಕ್ರವಾರ. ಮೂವರಿಗೂ ಚಹಾ ಒಯ್ಯುವ ಕೆಲಸ ನನ್ನದೇ. ಒಳಗೆ ಹೋದಾಗ ಸುಜಾತಾ ನಿಂತಿದ್ದಳು, ಮುಖ್ಯಸ್ಥರು ಬರೆಯುತ್ತಿದ್ದರು. ತಟ್ಟೆ ಕೆಳಗಿಟ್ಟೆ.

“ಸರ್ರ, ಬರಿಯೂದ ನಿಲ್ಲಸ್ರಿ. ತಪ್ಪು ನಂದೈತಿ. ಮಳಿಗಾಲದಾಗ ನೀಲಿ ಪಾತ್ರ್ಯಾಗ ಬೆಲ್ಲ ಇಟ್ಟಿದ್ನಿ.”

“ಏನ ಇಟ್ಟಿದ್ದಿ?”

“ಬೆಲ್ಲರಿ. ಹೊರಗ ಇಟ್ರ ಇರವಿ ಹತ್ತತಾವು.”

ಮುಖ್ಯಸ್ಥರು ಆಗಲೇ ಎತ್ತಿಕೊಂಡಿದ್ದ ಕಪ್ಪನ್ನು ನೋಡಿದರು. “ಅಂದ್ರ ಮಳಿಗಾಲದಾಗ ನಾವು ಕುಡದ ಚಹಾ...”

“ಅದ ಬೆಲ್ಲದ್ದರಿ.”

ಕಪ್ಪು ಮೇಜಿನ ಮೇಲೆ ಇಳಿಯಿತು. ಮಗದುಮ್ಮ ಸರ್ ಮುಖ ಬೆಳ್ಳಗಾಯಿತು.

“ಹೆದರಬ್ಯಾಡ್ರಿ. ಆ ದ್ರವ ವಾಸನಿ ಬಿಡೂದಿಲ್ಲ, ಆವಿಯಾಗಿ ಹಾರೂದಿಲ್ಲ ಅಂತ ನೀವ ಹೇಳಿದ್ರಲ್ಲ? ಹಾರದ್ದು ಬೆಲ್ಲಕ್ಕ ಹೆಂಗ ಬರತೈತಿ? ಬೆಲ್ಲದ್ದು ಅದಕ್ಕ ಹೋಗೇತಿ.”

ಇದನ್ನು ಓದುತ್ತಿರುವ ನೀವು ಮಾತ್ರ ನಾನು ಮಾಡಿದ್ದನ್ನು ಮಾಡಬೇಡಿ. ಪ್ರಯೋಗಶಾಲೆಯಲ್ಲಿ ತಿನ್ನುವ ಪದಾರ್ಥ ಇಡಬಾರದು. ನನ್ನ ಹೊಟ್ಟೆ ಗಟ್ಟಿ, ನಿಮ್ಮದು ಹೇಗೋ ಗೊತ್ತಿಲ್ಲ.

ಕೊನೆಗೆ ಮಗದುಮ್ಮ ಸರ್ ಮೆಲ್ಲಗೆ ಕೇಳಿದರು: “ಮಾವಶಿ, ಹುಡಿಗೀನ್ನ ಉಳಸಾಕ ಹಿಂಗ ಹೇಳಾಕತ್ತೀರೇನು?”

“ಆಕೀನ್ನ ಯಾಕ ಉಳಸಲ್ರಿ? ಆಕಿ ನನ್ನ ಮಗಳೇನು? ಒಂದಿನ ಒಂದು ಬೀಕರ್ ತೊಳದಕೊಟ್ಟಿಲ್ಲ.”

ತಪ್ಪು ಒಪ್ಪಿಕೊಂಡರೆ ಯಾರೂ ನಂಬಲಿಲ್ಲ, ಇದನ್ನು ನಾನು ಎಣಿಸಿರಲಿಲ್ಲ. ಮುಖ್ಯಸ್ಥರು, “ಮಾಡಿ ತೋರಸ, ಆಮ್ಯಾಲ ನೋಡೂನು” ಎಂದರು. ಶನಿವಾರ ಎಲ್ಲರ ಎದುರಿಗೆ ಡಬ್ಬಿಯ ಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿ ನೀಲಿ ಪಾತ್ರೆಯಲ್ಲಿಟ್ಟೆ. ದ್ರವ ಇಟ್ಟರು. ಮುಖ್ಯಸ್ಥರು ಮುಚ್ಚಳಕ್ಕೆ ಕಾಗದ ಅಂಟಿಸಿ ಸಹಿ ಹಾಕಿದರು, ಮತಪೆಟ್ಟಿಗೆಗೆ ಹಾಕಿದ ಹಾಗೆ. ಸೋಮವಾರ ತೆರೆದರೆ ಹರಳು ನೀಲಿಯೇ. ದ್ರವ ಎಂಟು ಬೀಕರ್ ಹೊತ್ತು ಇಳಿಯಿತು.

“ಮಾವಶಿ, ಸುಳ್ಳಿಗೂ ಒಂದು ಮಿತಿ ಇರಬೇಕು,” ಎಂದರು ಮುಖ್ಯಸ್ಥರು.

ಸುಜಾತಾ ನನ್ನ ಕಡೆ ನೋಡಿದಳು. ನನಗೆ ನನ್ನ ಮೇಲೆಯೇ ಸಂಶಯ ಬಂತು. ಮನೆಗೆ ಹೋಗಿ ಒಲೆಯ ಮುಂದೆ ಕೂತಾಗ ಹೊಳೆಯಿತು: ಇದು ಬೇಸಿಗೆಯ ಬೆಲ್ಲ. ಗೋಡೆಗೆ ಹೊಡೆದರೆ ಗೋಡೆ ಒಡೆಯಬೇಕು, ಅಷ್ಟು ಒಣಗಿದೆ. ಕೊಡಲು ಅದರ ಹತ್ತಿರ ತೇವವೆಲ್ಲಿದೆ? ಮಳೆಗಾಲದ ಬೆಲ್ಲ ಬೇಕು. ಬೇಸಿಗೆಯಲ್ಲಿ ಮಳೆಗಾಲದ ಬೆಲ್ಲ ಎಲ್ಲಿಂದ ತರುವುದು? ನನ್ನ ತವರು ಬೇಡಕಿಹಾಳ. ಅಣ್ಣನ ಮನೆಯಲ್ಲಿ ಗಾಣದ ಕಾಲದಲ್ಲಿ ತುಂಬಿಟ್ಟ ಕಾಕವಿಯ ಭರಣಿ ಇರುತ್ತದೆ. ಕಾಕವಿ ಎಂದರೆ ಇನ್ನೂ ಗಟ್ಟಿಯಾಗದ, ಸುರಿಯುವ ಬೆಲ್ಲ. ನನ್ನ ಮಳೆಗಾಲದ ಬೆಲ್ಲವೂ ಅರ್ಧ ಅದೇ ಆಗಿರುತ್ತಿತ್ತು.

ಅಣ್ಣ ಕೇಳಿದ: “ಇಷ್ಟ ಕಾಕವಿ ಯಾಕ? ಹೋಳಿಗಿ ಮಾಡತಿಯೇನು?”

“ಇಲ್ಲೋ ಅಣ್ಣಾ, ನಾ ತಪ್ಪ ಮಾಡೀನಿ ಅಂತ ತೋರಸಬೇಕಾಗೇತಿ.”

“ಅದಕ್ಕ ಕಾಕವಿ ಯಾಕ ಬೇಕು? ನನ್ನ ಕೇಳಿದ್ರ ನಾನ ಬಂದು ಹೇಳತಿದ್ನಿ.”

ಮುಂದಿನ ಶನಿವಾರ ಕಾಕವಿಯ ಬಟ್ಟಲನ್ನು ಜಾಳಿಗೆಯ ಕೆಳಗಿಟ್ಟೆ. ಮತ್ತೆ ಕಾಗದ, ಮತ್ತೆ ಸಹಿ. ಸೋಮವಾರ ತೆರೆದರೆ ಹರಳೆಲ್ಲ ಮದುವಣಗಿತ್ತಿಯ ಗಲ್ಲದ ಹಾಗೆ ಗುಲಾಬಿ. ಸುಜಾತಾ ಒಂದನೆಯ ಬಾಟಲಿ ಮಾಡಿ ನಳಿಕೆಗೆ ಬಿಟ್ಟಳು. ಮೂವರೂ ಗಡಿಯಾರ ನೋಡುತ್ತ ನಿಂತರು. ನಾನು ತೊಟ್ಟಿಗೆ ಹೋಗಿ ಬೀಕರ್ ತೊಳೆದೆ. ಒಂದು, ಎರಡು, ಮೂರು, ನಾಲ್ಕು.

“ಇಳೀತು,” ಅಂದೆ, ಬೆನ್ನು ತಿರುಗಿಸದೆ.

“ಇಳೀತ್ರಿ,” ಎಂದಳು ಸುಜಾತಾ. ಆ ದ್ರವವನ್ನು ಕೊಲ್ಲಾಪುರಕ್ಕೂ ಕಳಿಸಿದರು. ಸೋಮವಾರವೇ. ನೀರು ಸಿಕ್ಕಿತು.

ಮುಖ್ಯಸ್ಥರು ಸುಜಾತಾಳ ಕಾಗದ ಹರಿದರು, ನನಗೊಂದು ಹೊಸದು ಬರೆದರು. ಅದು ನನ್ನ ಮೊದಲ ಮತ್ತು ಕೊನೆಯ ಮೆಮೊ. ಓದಿಸಿಕೊಂಡೆ, ಚೆನ್ನಾಗಿಯೇ ಬರೆದಿದ್ದರು. ಮಗದುಮ್ಮ ಸರ್ ಸೇತುವೆಯ ಲೇಖನವನ್ನು ಹಿಂದಕ್ಕೆ ತರಿಸಿದರು. ಹಲಗೆಯ ಮೇಲೆ ಅಲ್ಲಿಯವರೆಗೆ ಉಳಿಸಿಕೊಂಡಿದ್ದ ಕಮಾನನ್ನು ನಾನು ಒರೆಸಲು ಹೋದಾಗ, “ನಿಲ್ರಿ ಮಾವಶಿ, ಇದನ್ನ ನಾ ಒರಸತೇನಿ” ಎಂದು ತಾವೇ ಒರೆಸಿದರು. ಪಾಪ, ಬಹಳ ಚೆಂದದ ಸೇತುವೆಯಾಗಿತ್ತು. ಆಮೇಲೆ, ಇಷ್ಟೇ ಇಷ್ಟು ತೇವ ಹೊಕ್ಕರೆ ದ್ರವ ಎಷ್ಟು ತೆಳ್ಳಗಾಗುತ್ತದೆ ಎಂಬುದನ್ನೇ ಸುಜಾತಾ ಬೇರೆ ಅಧ್ಯಾಯ ಮಾಡಿದಳು. ಒಂದು ವರ್ಷದ ಕೆಲಸ ಮತ್ತೆ ಮಾಡಬೇಕಾಯಿತು. ಅದಕ್ಕೆ ನಾನೇ ಕಾರಣ, ಅವಳು ಒಂದು ದಿನವೂ ಆಡಿ ತೋರಿಸಲಿಲ್ಲ. ಬೀಕರ್ ಮಾತ್ರ ತೊಳೆದುಕೊಡಲಿಲ್ಲ.

ಪ್ರಬಂಧ ಬರೆದಾಗ ನಮ್ಮ ಮನೆಗೆ ಬಂದು, ಮೊದಲ ಪುಟದಲ್ಲಿ ಉಪಕಾರ ನೆನೆಯುವ ಜಾಗದಲ್ಲಿ ನನ್ನ ಹೆಸರು ತೋರಿಸಿದಳು. ನಾನು ಕೇಳಿದೆ: “ಬೆಲ್ಲದ್ದು ಎಲ್ಲಿ ಬರದಿ?”

“ನೂರಾ ಹನ್ನೆರಡನೇ ಪುಟದಾಗ್ರಿ. ಡೆಸಿಕೇಟರ್‌ನಾಗ ಬ್ಯಾರೆ ಒಂದು ತೇವದ ಪದಾರ್ಥ ಇತ್ತು ಅಂತ.”

“ಬ್ಯಾರೆ ಪದಾರ್ಥಕ್ಕ ಹೆಸರಿಲ್ಲೇನು? ಬೆಲ್ಲ ಅಂತ ಬರಿ. ಕಲ್ಲವ್ವ ಇಟ್ಟಿದ್ಳು ಅಂತ ಬರಿ.”

“ಮಾವಶಿ, ತಪ್ಪಿನಾಗ ಯಾರ ಹೆಸರೂ ಹಾಕೂದಿಲ್ರಿ.”

“ಉಪಕಾರದ ಪುಟ ಯಾರ ಓದತಾರ ಬೇ? ತಪ್ಪಿದ್ದಲ್ಲಿ ಎಲ್ಲಾರೂ ಓದತಾರ. ಅಲ್ಲಿ ಹಾಕ.”

ಹಾಕಿದಳು.

ಅವಳ ಕೊನೆಯ ಪರೀಕ್ಷೆಗೆ ನನ್ನನ್ನೂ ಕರೆದರು. ನಾನು ನಿವೃತ್ತಿಯಾಗಿ ವರ್ಷದ ಮೇಲಾಗಿತ್ತು, ಆದರೂ ಚಹಾ ನಾನೇ ಮಾಡಬೇಕೆಂದು ಮಗದುಮ್ಮ ಸರ್ ಹಟ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಗಂಭೀರ. ಎಷ್ಟು ಹೊತ್ತು ಕೇಳಿದರೋ, ಸುಜಾತಾ ತಡವರಿಸದೆ ಹೇಳಿದಳು. ನೂರಾ ಹನ್ನೆರಡನೆಯ ಪುಟಕ್ಕೆ ಬಂದಾಗ ನಿಂತರು. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ನಾನು ಆಗಲೇ ಕಪ್ಪನ್ನು ಅವರ ಮುಂದೆ ಇಟ್ಟಿದ್ದೆ.

“ಈ ಕಲ್ಲವ್ವ ಅಂದ್ರ ಯಾರ್ರಿ?”

“ನಾನರಿ.”

ಅವರು ನನ್ನನ್ನು ನೋಡಿದರು. ಕಪ್ಪನ್ನು ನೋಡಿದರು.

“ಇದರಾಗಿನ ಬೆಲ್ಲ ಎಲ್ಲಿಂದ ತಂದ್ರಿ?”

“ಡಬ್ಬ್ಯಾಗಿಂದ್ರಿ.”

“ಖರೆ?”

“ಸರ್ರ, ನಾ ಸುಳ್ಳ ಹೇಳಾಕಿ ಆಗಿದ್ರ ನಿಮಗ ನೂರಾ ಹನ್ನೆರಡನೇ ಪುಟ ಇರತಿರಲಿಲ್ಲ.”

ಪರೀಕ್ಷಕರು ಪೆನ್ನು ತೆಗೆದು, ಸುಜಾತಾಳ ಕಾಗದಕ್ಕೆ ಪಾಸೆಂದು ಬರೆದು, ಸಹಿ ಹಾಕಿದರು. ಆಮೇಲೆ ಕಪ್ಪು ಎತ್ತಿ ಕುಡಿದರು. ಏನಾದರೂ ಆಗಲಿ, ಹುಡುಗಿಯ ಕೆಲಸ ಮೊದಲು ಮುಗಿಯಲಿ ಎಂದಿರಬೇಕು. ಕಲಿತವರಲ್ಲೂ ಶಾಣ್ಯಾರು ಇರುತ್ತಾರೆ.